ಹಿಮ್ಮಡಿಯ ಗೆರೆ

"ಅಕ್ಕಾರ, ಬಂದು ಇನ್ನೊಮ್ಮೆ ಕಾಲು ಚಾಚಿ ಕುಂಡರ್ರಿ. ಆವತ್ತು ಎಳದ ಗೆರಿ ನೀರು ಹೊಡದು ಹೊಡದು ಅಳಿಸಿ ಹೋಗೇತಿ," ಎಂದು ಗೌಂಡಿ ಬಾಷಾಸಾಬ ಹೊಸ ಬಚ್ಚಲುಮನೆಯಿಂದ ಕೂಗಿದ.

ಗುರವ್ವ ಹೊರಗೆ ಕಮೋಡಿನ ರಟ್ಟಿನ ಡಬ್ಬಿಯ ಪಕ್ಕ ನಿಂತೇ ಇದ್ದಳು. ದುಮ್ಮವಾಡದ ಈ ಮನೆಯ ಗುತ್ತಿಗೆ ಹಿಡಿದಾಗಲೇ ಬಾಷಾಸಾಬ ಹೇಳಿದ್ದ, ಕಮೋಡು, ನಳ, ಬೇಸಿನ್ನು ಮನೆಯವರೇ ತಂದುಕೊಡಬೇಕು, ಕೂಡಿಸುವುದಷ್ಟೇ ತನ್ನ ಕೆಲಸ ಎಂದು. ಗಂಡ ಮಡಿವಾಳೆಪ್ಪ "ಯಾವದರೆ ತಾ" ಎಂದು ಕೈತೊಳೆದುಕೊಂಡ. ಗುರವ್ವ ಹುಬ್ಬಳ್ಳಿಯ ಅಂಗಡಿಯಲ್ಲಿ ಅರ್ಧ ದಿನ ನಿಂತು ಒಂದೊಂದೇ ಕಮೋಡನ್ನು ಗೇಣು ಹಾಕಿ ಅಳೆದಳು. ಜನ ಚಂದದ್ದು ಹುಡುಕಿದರೆ ಇವಳಿಗೆ ಉದ್ದ ಕಡಿಮೆ ಇರುವ ಮೋಟಾದದ್ದು ಬೇಕಿತ್ತು. ಅದು ಮುಂದೆ ಚಾಚಿಕೊಂಡರೆ ತನ್ನ ಕಾಲಿಗೆ ಜಾಗ ಎಲ್ಲಿ? ಕಾಲು ನೀಡದೆ ಕೂಸಿಗೆ ಎರೆಯುವುದು ಹೇಗೆ?

ಮಗಳು ರೋಹಿಣಿಗೆ ಆಗ ಏಳನೇ ತಿಂಗಳು. ಚೊಚ್ಚಲ ಬಾಣಂತನ ಹೊಸ ಮನೆಯಲ್ಲೇ ಆಗಬೇಕೆಂದು ಗುರವ್ವನ ಹಟ. ಬಚ್ಚಲಿನ ನೆಲದ ಮೇಲೆ ಕೂತು ಕಾಲು ನೀಡಿ, "ನನ್ನ ಹಿಮ್ಮಡಿ ಮುಟ್ಟೂ ತನಕಾ ಏನೂ ಇಡಬ್ಯಾಡ" ಎಂದಿದ್ದಳು. ಬಾಷಾಸಾಬ ನಕ್ಕು ಸುಸ್ತಾಗಿದ್ದ. "ಟೇಪಿಲೆ ಅಳದೇನಿ, ದಾರದಲೆ ಅಳದೇನಿ. ಕಾಲಲೆ ಅಳತಿ ಕೊಟ್ಟವರು ನೀವ ಮೊದಲನೇದವರು ನೋಡ್ರಿ!"

ಆಮೇಲೆ ಅವನು ತಂಬೂರ ಊರಿನಲ್ಲಿ ಬೇರೆ ಕೆಲಸ ಹಿಡಿದು ತಿಂಗಳುಗಟ್ಟಲೆ ಇತ್ತ ಸುಳಿಯಲಿಲ್ಲ. ಇವತ್ತು ಬಂದವನಿಗೆ, ಮನೆ ಮುಗಿಯುವ ತನಕ ಅವರು ಇದ್ದ ತಗಡಿನ ಶೆಡ್ಡಿನ ಬಾಗಿಲಲ್ಲಿ ಕೂತ ರೋಹಿಣಿ ಕಂಡಳು, ಅವಳ ಕಿವಿ ಮುಚ್ಚುವಂತೆ ಬಿಗಿದ ಬಟ್ಟೆ ಕಂಡಿತು.

"ರೋಹಿಣವ್ವ ತಲಿ ಕಟ್ಕೊಂಡಾಳಲ್ಲ, ಗಂಡೋ ಹೆಣ್ಣೋ?" ಅವನು ಮತ್ತೆ ಕೂಗಿದ. "ಪೇಡೆ ಕೊಡೂ ತನಕಾ ಪೈಪು ಮುಟ್ಟಂಗಿಲ್ರಿ ನಾ."

ಗುರವ್ವ ಬಚ್ಚಲಿನ ಬಾಗಿಲಿಗೆ ಬಂದಳು. "ಕೂಸು ಉಳೀಲಿಲ್ಲ, ಬಾಷಾ. ಹೊಟ್ಟ್ಯಾಗ ಹೋತು. ಇವತ್ತಿಗೆ ಹನ್ನೆರಡು ದಿನಾ. ತೊಟ್ಟಲಾ ಕಟ್ಟಬೇಕಾಗಿತ್ತು."

ಬಾಷಾಸಾಬ ಕೈಯಲ್ಲಿದ್ದ ಟೇಪು ಕೆಳಗಿಟ್ಟ. "ತಪ್ಪಾತ್ರಿ ಅಕ್ಕಾರ. ನನ್ನ ನಾಲಿಗಿ ಸುಡ್ಲಿ."

"ನಿನಗೇನು ಗೊತ್ತು? ಕಮೋಡು ಮೊದಲಿನ ನಕ್ಷಾದಾಗ ಇದ್ದಲ್ಲೇ ಇಟ್ಟಬಿಡು. ನನ್ನ ಕಾಲಿಗೆ ಇನ್ನೇನು ಜಾಗಾ?"

"ಒಮ್ಮೆ ಪೈಪು ಹಾಕಿದ್ರ ಮತ್ತ ಕದಲಸಾಕ ಬರಂಗಿಲ್ರಿ. ವಿಚಾರ ಮಾಡಿ ಹೇಳ್ರಿ."

"ಮಾಡೇನಿ," ಎಂದಳು. ಮುಂದೆ ಇನ್ನೊಂದು ಕೂಸು ಆಗುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜ. ಆ ಮಾತೆತ್ತಿದರೆ ಸಾಕು, ರೋಹಿಣಿ ಗೋಡೆಗೆ ಮುಖ ಮಾಡುತ್ತಿದ್ದಳು. ಕಾಲಿಗೆಂದು ಜಾಗ ಬಿಟ್ಟರೆ ಮಗಳು ದಿನ ಬೆಳಗಾದರೆ ಆ ಖಾಲಿ ಜಾಗ ನೋಡುತ್ತಲೇ ಮೈ ತೊಳೆದುಕೊಳ್ಳಬೇಕು. ಗಾಯದ ಮೇಲೆ ಬರೆ ಯಾರಿಗೆ ಬೇಕು?

"ಕಾಕಾ, ಅಲ್ಲಿ ಬ್ಯಾಡ್ರಿ."

ರೋಹಿಣಿ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಳು. ಹನ್ನೆರಡು ದಿನಗಳಲ್ಲಿ ಅವಳು ತಾನಾಗಿ ಬಾಯಿ ತೆರೆದದ್ದು ಇದೇ ಮೊದಲು.

"ಅವ್ವ ಆವತ್ತು ಹೇಳಿದಂಗ ಹಾಕ್ರಿ," ಎಂದಳು. ತಾಯಿಯ ಕಡೆ ತಿರುಗಿ, "ಕುಂಡ್ರು ಬೇ. ಕಾಲು ಚಾಚು," ಎಂದಳು.

ಗುರವ್ವ ಗೋಡೆಗೆ ಬೆನ್ನು ಕೊಟ್ಟು ಕೂತು ಕಾಲು ನೀಡಿದಳು. ಮಗಳೆದುರು ಇಷ್ಟು ದಿನ ತಡೆಹಿಡಿದ ಅಳು ಈಗ ಅವಳ ಮಾತು ಕೇಳಲಿಲ್ಲ. ಬಾಷಾಸಾಬ ಇಟ್ಟಂಗಿಯ ಚೂರಿನಿಂದ ಹಿಮ್ಮಡಿಯಾಚೆ ಗೆರೆ ಎಳೆದ, ಒಂದು ಗೇಣು ಹೆಚ್ಚಿಗೆ ಬಿಟ್ಟೇ ಎಳೆದ. ಪೈಪು ತರುತ್ತೇನೆಂದು ಹೊರಗೆ ಹೋದ.

"ಆತು, ಏಳು ಬೇ," ಎಂದಳು ರೋಹಿಣಿ.

ಗುರವ್ವ ಏಳಲಿಲ್ಲ. ಕೂಸು ನಡುವೆ ಜಾರಬಾರದೆಂಬಂತೆ ಎರಡೂ ಕಾಲುಗಳನ್ನು ಒತ್ತಿ ಕೂಡಿಸಿಕೊಂಡು ಹಾಗೇ ಕೂತಿದ್ದಳು.