ಒಂದು ಗೇಣು ಕಪ್ಪು ಬಟ್ಟೆ

"ಮೆಟ್ಟಿಲ ಮೇಲೆ ಉರುಳಿದ್ಲು. ಅದೂ ಚಹಾದಂಗಡಿ ಮುಂದೆ," ಎಂದ ಝಹಿದ್, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು.

"ನೀವು ಅಲ್ಲೇ ಕೂತಿದ್ರಲ್ಲ, ಎತ್ತಬಾರ್ದಿತ್ತಾ?" ಹೆಂಡತಿ ಮೀನಾರಾ ಕೇಳಿದಳು.

"ಬುರ್ಖಾದೊಳಗೆ ಯಾರಿದಾರೆ ಅಂತ ನಂಗೇನು ಗೊತ್ತು? ನೀನೇ ಅಂದ್ಕೊಂಡೆ."

"ನಾನಾಗಿದ್ರೂ ಎತ್ತಬಹುದಿತ್ತು."

ಒಲೆಯ ಪಕ್ಕ ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತಿದ್ದ ಮಗಳು ಸೆತಾರಾ ತುಟಿ ಕಚ್ಚಿ ನಗು ತಡೆದಳು. ಝಹಿದ್ ನಗಲಿಲ್ಲ. "ಇನ್ನೊಂದ್ಸಲ ಬಿದ್ರೆ ಪಾಠ ಬಂದ್. ಊರ ಗಂಡಸರ ಮುಂದೆ ನಗೆಪಾಟಲಾಗೋಕೆ ಕಳಿಸ್ತಿಲ್ಲ ನಾನು."

ಮೈನೆರೆದ ಮೇಲೆ ಎರಡು ಮಳೆಗಾಲ ಸೆತಾರಾ ನಿರಾಶ್ರಿತರ ಶಿಬಿರದ ಈ ಬಿದಿರಿನ ಗುಡಿಸಲು ಬಿಟ್ಟು ಕದಲಿರಲಿಲ್ಲ. ದಿಬ್ಬದ ಮೇಲಿನ ಹಾಜೆರಾ ಆಪಾ ತನ್ನ ಮನೆಯಲ್ಲೇ, ಹೆಣ್ಣುಮಕ್ಕಳಿಗಷ್ಟೇ ಪಾಠ ಶುರುಮಾಡಿದಾಗ ಮೌಲವಿ ಒಪ್ಪಿದರು. ಮೌಲವಿ ಒಪ್ಪಿದರೆಂದು ಝಹಿದ್ ಒಪ್ಪಿದ. ಮನೆಯಲ್ಲಿದ್ದದ್ದು ಒಂದೇ ಬುರ್ಖಾ, ಮೀನಾರಾಳದು. ಅವಳು ಎತ್ತರದ ಹೆಂಗಸು. ಮಗಳು ಅಪ್ಪನ ಕಡೆಯವರಂತೆ ಗಿಡ್ಡ. ಅಂಚು ಮಡಿಸಿ ಹೊಲಿದರೆ ಕೆಸರಿನ ಭಾರಕ್ಕೆ ದಾರ ಕಿತ್ತು ಕಾಲಿಗೆ ತೊಡರುತ್ತಿತ್ತು. ತಾನು ಹೊರಡುವ ದಿನ ಮೀನಾರಾ ಹೊಲಿಗೆ ಬಿಚ್ಚುತ್ತಿದ್ದಳು, ಬಂದು ಮತ್ತೆ ಹಾಕುತ್ತಿದ್ದಳು.

ಶುಕ್ರವಾರ ಪಾಠವಿರಲಿಲ್ಲ. ಅವತ್ತು ಮೀನಾರಾ ದಿಬ್ಬದಾಚೆಯ ಅಕ್ಕ ಲಾಲ್‌ಮೋತಿಯ ಮನೆಗೆ ಹೋಗುತ್ತಿದ್ದಳು. ಇಬ್ಬರೂ ಎಲೆಯಡಿಕೆ ಜಗಿಯುತ್ತ, ಗಡಿಯ ನಾಫ್ ನದಿಯಾಚೆ ತಮ್ಮೂರಲ್ಲಿ ಬಿಟ್ಟುಬಂದ ಹಿತ್ತಿಲಿನ ಹಲಸನ್ನು ಈಗ ಯಾರು ತಿನ್ನುತ್ತಿರಬಹುದೆಂದು ಜಗಳವಾಡುತ್ತಿದ್ದರು. ವಾರವಿಡೀ ಅವಳು ಕಾಯುತ್ತಿದ್ದದ್ದು ಆ ಜಗಳಕ್ಕೆ.

ಸೆತಾರಾ ಬಿದ್ದ ದಿನ ಸಂಜೆ, ಝಹಿದ್ ನಮಾಜಿಗೆ ಹೋದ ಮೇಲೆ ಮೀನಾರಾ ಮಗಳಿಗೆ ಬುರ್ಖಾ ತೊಡಿಸಿ, ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಕತ್ತರಿ ಎತ್ತಿಕೊಂಡಳು.

"ಮಾ, ಕತ್ತರಿಸ್ಬಿಟ್ರೆ ನೀನು ಹಾಕ್ಕೊಂಡಾಗ ಕಾಲು ಕಾಣುತ್ತೆ."

"ಅಲುಗಾಡ್ಬೇಡ."

"ಶುಕ್ರವಾರ ಲಾಲ್‌ಮೋತಿ ಖಾಲಾ ಕಾಯ್ತಾ ಇರ್ತಾಳೆ."

"ಅವಳಿಗೂ ಕಾಲಿದೆ. ಬರ್ಲಿ."

ಲಾಲ್‌ಮೋತಿಯ ಮೊಣಕಾಲು ಊದಿಕೊಂಡು, ಅವಳು ದಿಬ್ಬ ಹತ್ತುವುದು ಬಿಟ್ಟು ವರ್ಷವಾಗಿತ್ತು. ತಾಯಿ ಮಗಳಿಬ್ಬರಿಗೂ ಅದು ಗೊತ್ತಿತ್ತು. ಕತ್ತರಿ ಮೊಂಡು, ಬಟ್ಟೆಯನ್ನು ಅಗಿಯುತ್ತ ಸುತ್ತು ಬಂತು.

ಮರುದಿನ ಸೆತಾರಾ ಕಪ್ಪು ಕೊಡೆ ಬಿಚ್ಚಿ ಹೊರಟಳು. ಮೀನಾರಾ ತಡಿಕೆಯ ಸಂದಿಗೆ ಕಣ್ಣಿಟ್ಟು ಕೂತಳು. ಕೊಡೆ ಚಹಾದಂಗಡಿ ದಾಟಿತು. ಒದ್ದೆ ಮೆಟ್ಟಿಲುಗಳ ಮೇಲೆ ಎಲ್ಲಿಯೂ ಓಲಾಡದೆ ಏರಿತು. ನೆತ್ತಿಯಲ್ಲಿ ಆಪಾ ಮನೆಯ ಕಡೆ ಹೊರಳಿ ಮರೆಯಾಯಿತು.

ಮೀನಾರಾ ಏಳಲಿಲ್ಲ. ಕತ್ತರಿಸಿದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, ದಿಬ್ಬದ ಖಾಲಿ ನೆತ್ತಿಯನ್ನು ನೋಡುತ್ತಲೇ ಇದ್ದಳು.