ಹಲ್ಲು ಬಂದ ಲೇಸ್ ದಿಂಬು

ಹೊಸದುರ್ಗದಿಂದ ಹಿರಿಯೂರಿಗೆ ಹೊರಟ ಕೊನೆಯ ಬಸ್ಸಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದಾಗ, ನನ್ನ ತೋಳಿನಲ್ಲಿದ್ದ ಶಾಲಿನೊಳಗಿಂದ 'ಕಟ್' ಎಂದು ಸಣ್ಣ ಸದ್ದು ಬಂತು. ತೋಳುಗಳನ್ನು ಮಟ್ಟ ಮಾಡಿಕೊಂಡೆ.

ಶಾಲಿನೊಳಗೆ ಇದ್ದದ್ದು ಪ್ರಯಾಣಕ್ಕೆಂದೇ ನಾನು ಹೊಲಿದುಕೊಂಡ, ಲೇಸ್ ಹೆಣೆಯುವ ಪುಟ್ಟ ಉರುಳುದಿಂಬು. ಅದರ ತುಂಬ ಗುಂಡುಸೂಜಿ, ಸೂಜಿಗಳ ನಡುವೆ ಅರ್ಧ ಹೆಣೆದ ಲೇಸ್, ಪ್ರತಿ ದಾರದ ತುದಿಗೂ ಒಂದು ಮರದ ಕಡ್ಡಿ. ದಿಂಬು ವಾಲಿದರೆ ಕಡ್ಡಿಗಳು ಕಟಕಟನೆ ಒಂದರ ಮೇಲೊಂದು ಹೊರಳಿ ದಾರ ಗೋಜಲಾಗುತ್ತದೆ. ಬೆಳಿಗ್ಗೆ ತಂಗಿ ನೂರೀನಳ ನಿಕಾಹ್. ಅವಳ ದುಪಟ್ಟಾದ ಅಂಚಿಗೆ ಇನ್ನೂ ಒಂದು ಗೇಣು ಲೇಸ್ ಆಗಬೇಕಿತ್ತು. ಹಾಗಾಗಿ ದಿಂಬನ್ನು ಬಿಗಿಯಾಗಿ ಸುತ್ತಿ, ಎರಡೂ ಕೈಗಳ ಮೇಲೆ ಮಲಗಿಸಿಕೊಂಡು ನಿಂತಿದ್ದೆ.

"ಕೂಸು ಹಲ್ಲು ಕಡೀತೈತಲ್ಲವ್ವ," ಎಂದಳು ಎದುರು ಸೀಟಿನ ಮುದುಕಿ ಬೊಮ್ಮಕ್ಕ. ಪಕ್ಕದಲ್ಲಿದ್ದ ಗಂಡನನ್ನು ತಿವಿದಳು. "ಏಳು ಅತ್ಲಾಗೆ! ಬಾಣಂತಿ ನಿಂತೈದಾಳೆ, ನಿಂದೊಂದು ಗೊರಕೆ."

ನನಗೆ ಮದುವೆಯೇ ಆಗಿಲ್ಲ. ಆದರೆ ಕೂಸಲ್ಲ ಎಂದರೆ ಬಿಚ್ಚಿ ತೋರಿಸು ಎನ್ನುತ್ತಾರೆ. ಖಾಲಿಯಾದ ಸೀಟಿನಲ್ಲಿ ಕುಳಿತೆ. ಬೊಮ್ಮಕ್ಕನ ಗಂಡ ತಿಮ್ಮರಾಯಪ್ಪ ಕಂಬ ಹಿಡಿದು, "ಡ್ರೈವರಣ್ಣ, ಗುಂಡಿ ನೋಡ್ಕಂಡು ಹೋಗಪ್ಪ, ಎಳೆಕೂಸು ಐತೆ!" ಎಂದು ಕೂಗಿದ. ಬಸ್ಸು ತೇರಿಗಿಂತ ನಿಧಾನವಾಯಿತು.

ನಾನು ತಡೆಯುವಷ್ಟರಲ್ಲಿ ಬೊಮ್ಮಕ್ಕ ಶಾಲಿನೊಳಗೆ ಬೆರಳು ತೂರಿಸಿದಳು.

"ಅಯ್ಯಯ್ಯೋ, ಕಚ್ತು!" ಬೆರಳ ತುದಿಯಲ್ಲಿ ರಕ್ತದ ಹನಿ. "ಎಷ್ಟು ತಿಂಗಳವ್ವ ಇದಕ್ಕೆ?"

"ಮೂರು," ಎಂದೆ. ಲೇಸ್ ಶುರು ಮಾಡಿ ಅಷ್ಟಾಗಿತ್ತು.

"ಮೇಲಿನ ಹಲ್ಲೋ, ಕೆಳಗಿನವೋ?"

ಸೂಜಿಗಳನ್ನು ನೆನೆದು, "ಮೇಲಿನವು," ಎಂದೆ.

ಬಸ್ಸಿಗೆ ಬಸ್ಸೇ ಎದ್ದು ಕುಳಿತಿತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡಂತೆ. ಅವನು ಕೂಸನ್ನು ನೇರವಾಗಿ ನೋಡಬಾರದು, ಎಣ್ಣೆಯಲ್ಲಿ ಅದರ ನೆರಳು ನೋಡಬೇಕಂತೆ.

"ಸೋದರಮಾವ ಐದಾನೇನವ್ವ?"

"ಬಸ್‌ಸ್ಟ್ಯಾಂಡಲ್ಲೇ ಕಾಯ್ತಿದಾನೆ," ಎಂದುಬಿಟ್ಟೆ. ತಮ್ಮ ಮುಝಫರ್ ನಿಜವಾಗಿಯೂ ಕಾಯುತ್ತಿದ್ದ.

ಹಿರಿಯೂರಲ್ಲಿ ನನಗಿಂತ ಮೊದಲು ತಿಮ್ಮರಾಯಪ್ಪ ಇಳಿದ. ಯಾರದೋ ಬುತ್ತಿ ಡಬ್ಬಿಯ ಮುಚ್ಚಳ, ಇನ್ಯಾರದೋ ಕೊಬ್ಬರಿ ಎಣ್ಣೆ ಅವನ ಕೈ ಸೇರಿದ್ದವು.

"ತಲೆ ಎತ್ತಬ್ಯಾಡಪ್ಪ! ಎಣ್ಣೇಲಿ ನೋಡು!" ಎಂದು, ಅಲ್ಲಿ ಒಬ್ಬನೇ ಕಾಯುತ್ತಿದ್ದ ಮುಝಫರನ ಕುತ್ತಿಗೆ ಬಗ್ಗಿಸಿ ಹಿಡಿದ. ಬೊಮ್ಮಕ್ಕ ನನ್ನನ್ನು ಅವನ ಭುಜದ ಹಿಂದೆ ನಿಲ್ಲಿಸಿದಳು. "ಕಾಣ್ತೇನಪ್ಪ?"

ಎಣ್ಣೆಯಲ್ಲಿ ಅವನಿಗೆ ಶಾಲೂ ಕಂಡಿತು, ಅದರ ಮೇಲೆ ಬೇಡಿಕೊಳ್ಳುತ್ತಿದ್ದ ನನ್ನ ಮುಖವೂ ಕಂಡಿತು.

"ಕಾಣ್ತು," ಎಂದ. "ಥೇಟ್ ನಮ್ಮಕ್ಕ ಅರ್ಫಾ ಆಪಾನ ಹಂಗೇ ಐತೆ."

"ಗೆದ್ದೆ ಬಿಡು ಮಗನೇ," ಎಂದು ತಿಮ್ಮರಾಯಪ್ಪ ಅವನ ಬೆನ್ನು ತಟ್ಟಿದ.

ಆಟೋದಲ್ಲಿ ಕೂತು ಶಾಲು ಸರಿಸಿದೆ. ಡ್ರೈವರ್ ಅಷ್ಟು ಮೆತ್ತಗೆ ಓಡಿಸಿದ್ದಕ್ಕೆ ಒಂದು ದಾರವೂ ಗೋಜಲಾಗಿರಲಿಲ್ಲ. ಬೆಳಗಾಗುವುದರೊಳಗೆ ಮುಗಿಸಬಹುದಿತ್ತು.

"ಲೇಸ್ ಸರಿಯಾಗೈತಾ?" ಎಂದ ಮುಝಫರ್.

"ಐತೆ."

"ಮತ್ತೆ ಸಾಕು. ನಾಳೆ ಬೀಗರೆದುರು ನಾನು ದಿಂಬಿಗೆ ಮಾವ ಆದ ಕಥೆ ಬಂದ್ರೆ, ದುಪಟ್ಟಾ ಯಾರು ನೋಡ್ತಾರೆ?" ಮೂಗಿನ ತುದಿಯ ಎಣ್ಣೆ ಒರೆಸಿಕೊಂಡು ಅವನೇ ತೀರ್ಮಾನಿಸಿದ: "ಅಮ್ಮಿಗೂ ಇಲ್ಲ, ನೂರೀನ್‌ಗೂ ಇಲ್ಲ. ನಾನಂತೂ ಯಾರಿಗೂ ಹೇಳಲ್ಲ."