ಕಳಚಿಟ್ಟ ಶಾಫ್ಟು

ಮದ್ರಾಸಿನ ಮಣಲಿ ರಸ್ತೆಯ ತನ್ನ ಅಂಗಳದಲ್ಲಿ ಶಿವರಂಜನ್ ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ಮೆಕ್ಯಾನಿಕ್ ಚಂದು ಜೀಪಿನಡಿಯಿಂದ ತೆವಳಿಕೊಂಡು ಹೊರಬಂದ. ಹಳೆಯ ಗಾಡಿಗಳನ್ನು ಕೊಂಡು, ತೊಳೆದು, ಬಣ್ಣ ತಿದ್ದಿ ಮಾರುವುದು ಶಿವರಂಜನ್‌ನ ವ್ಯಾಪಾರ. ಅವುಗಳ ಹೊಟ್ಟೆಯೊಳಗಿನ ರೋಗವೆಲ್ಲ ಚಂದುವಿನ ಪಾಲಿನದು.

“ಅಣ್ಣಾ, ಮುಂದಿನ ಡ್ರೈವ್ ಶಾಫ್ಟ್ ಪೂರ್ತಿ ಹೋಗಿದೆ. ಎರಡೂ ಜಾಯಿಂಟ್ ಸಡಿಲ ಆಗಿ ಆಡ್ತಿದೆ. ಅದಕ್ಕೇ ಸ್ಪೀಡ್ ಹೋದ್ರೆ ವಂಡಿ ಗಡಗಡ ಅಂತ ನಡುಗುತ್ತೆ. ಹೊಸದು ಹಾಕ್ಬೇಕು.”

“ಹೊಸದು ಬರೋಕೆ ವಾರ ಬೇಕು, ಪಾರ್ಟಿ ನಾಳೆ ಬರ್ತಾರೆ. ಬಿಚ್ಚಿ ಪಕ್ಕಕ್ಕಿಡು.”

“ಬಿಚ್ಚಿದ್ರೆ ಫೋರ್ ವೀಲ್ ಇರಲ್ಲಣ್ಣಾ.”

“ಗೊತ್ತಪ್ಪಾ. ಮದ್ರಾಸ್‌ನಲ್ಲಿ ಫೋರ್ ವೀಲ್ ಯಾರು ಹಾಕ್ತಾರೆ? ಎಲ್ಲ ಶೋಕಿಗೆ ತಗೊಳ್ಳೋರೇ.”

ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವುದು ಆ ಶಾಫ್ಟು. ಅದನ್ನು ಕಳಚಿದರೆ ಬಲ ಹಿಂದಿನ ಎರಡು ಚಕ್ರಕ್ಕಷ್ಟೇ. ಆದರೆ ನಡುಕವೂ ನಿಂತುಹೋಗುತ್ತದೆ. ಫೋರ್ ವೀಲ್ ಲಿವರ್ ಎಳೆದರೆ ಡ್ಯಾಶ್‌ಬೋರ್ಡಿನ ಹಸಿರು ದೀಪ ಮಾತ್ರ ಎಂದಿನಂತೆ ಹೊತ್ತಿಕೊಳ್ಳುತ್ತದೆ. ಕೊಳ್ಳುವವರು ದೀಪ ನೋಡುತ್ತಾರೆಯೇ ಹೊರತು ಅಂಗಿ ಕೊಳೆ ಮಾಡಿಕೊಂಡು ಗಾಡಿಯಡಿ ಬಗ್ಗುವುದಿಲ್ಲ. ಶಿವರಂಜನ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

ಮರುದಿನ ಅವನ ತಾಯಿ ಬಸವಣ್ಣೆಮ್ಮ ವೆಸ್ಟ್ ಮಾಂಬಲಂನಿಂದ ಆಟೋದಲ್ಲಿ ಬಂದಿಳಿದಳು. ಗಾಡಿ ಕೈಬದಲಾಗುವ ದಿನ ಅವಳು ಬರಲೇಬೇಕು. ಗಂಡ ಪರಮೇಶ್ವರಪ್ಪ ವ್ಯಾಪಾರ ನಡೆಸುತ್ತಿದ್ದಾಗಿನಿಂದ ಬಂದ ರೂಢಿ ಅದು. ಕೊಳ್ಳುವವರ ಎದುರೇ ಅವಳು, “ಒಳಗೊಂದು ಹೊರಗೊಂದು ಇಲ್ಲ ತಾನೆ?” ಎಂದು ಕೇಳುತ್ತಾಳೆ, “ಇಲ್ಲ” ಎಂದ ಮೇಲೆ ಬಾನೆಟ್ಟಿಗೆ ಮೂರು ಪಟ್ಟಿ ವಿಭೂತಿ ಎಳೆಯುತ್ತಾಳೆ. ಆ ಪಟ್ಟಿಯನ್ನು ನಂಬಿ ಬರುವವರು ಊರಿನಲ್ಲಿ ಬಹಳ ಜನ. ಮಗನ ಬಾಯಲ್ಲಿ ಮಾತ್ರ ಆ ಉತ್ತರ ಈಚೆಗೆ ಆಕಳಿಕೆಯಷ್ಟು ಸಲೀಸಾಗಿ ಬರುತ್ತಿತ್ತು.

ಕೊಳ್ಳಲು ಬಂದವಳು ಮೈಲಾಪೂರಿನ ಮಕ್ಕಳ ಡಾಕ್ಟರ್ ವೃಂದಾ. ಶಿವರಂಜನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿದಳು. ಲಿವರ್ ಎಳೆದಳು, ದೀಪ ಹೊತ್ತಿತು.

“ರೊಂಬ ಸ್ಮೂತ್ ಇದೆ,” ಎಂದಳು.

“ಎಲ್ಲಿ ಓಡಿಸ್ತೀರಿ ಡಾಕ್ಟ್ರೇ? ಇಸಿಆರ್ ಬೀಚ್ ಕಡೆ ವೀಕೆಂಡಾ?” ಅವನು ಮಾತಿಗೆ ಕೇಳಿದ.

“ಅಯ್ಯೋ, ಅದಕ್ಕೆಲ್ಲ ಟೈಮ್ ಎಲ್ಲಿ? ಜವ್ವಾದು ಬೆಟ್ಟದಲ್ಲಿ ನಮ್ಮ ಮೆಡಿಕಲ್ ಕ್ಯಾಂಪ್ ನಡೆಯತ್ತೆ. ಮೇಲಿನ ಊರಿಗೆಲ್ಲ ಮಣ್ಣು ದಾರಿ. ಹೋದ ಮಳೇಲಿ ವ್ಯಾನ್ ಹಿಂದಕ್ಕೆ ಜಾರಿ ಒಂದು ಮರಕ್ಕೆ ತಗಲಿ ನಿಂತ್ಕೊಂಡ್ತು. ಒಳಗೆ ಮಕ್ಕಳಿದ್ರು. ಮರ ಇಲ್ಲದೆ ಹೋಗಿದ್ರೆ ಕೆಳಗೆ ಬರೀ ಪಳ್ಳ, ಆಳ ಕಂದಕ. ಅದಕ್ಕೇ ಫೋರ್ ವೀಲೇ ವೇಣುಂ, ಅದೇ ಬೇಕು ಅಂತ ಹುಡುಕಿದ್ದು.”

ಶಿವರಂಜನ್‌ನ ಕಣ್ಣು ಆ ಹಸಿರು ದೀಪದ ಕಡೆ ಹೋಯಿತು. ಗಾಡಿ ಅಂಗಳಕ್ಕೆ ಬಂತು. ಬಸವಣ್ಣೆಮ್ಮ ಆಗಲೇ ವಿಭೂತಿ ಅದ್ದಿದ ಮೂರು ಬೆರಳು ಎತ್ತಿಕೊಂಡು ನಿಂತಿದ್ದಳು.

“ಮಗಾ, ಒಳಗೊಂದು ಹೊರಗೊಂದು ಇಲ್ಲ ತಾನೆ?”

ಚಂದು ಎಲ್ಲೋ ನೋಡತೊಡಗಿದ.  ನಾಚಿಕೆಗಿಂತ ಮೊದಲು ಶಿವರಂಜನ್‌ಗೆ ಆದದ್ದು ಹೆದರಿಕೆ, ಆ ಜಾರುವ ದಾರಿಯ ಹೆದರಿಕೆ.

“ಐತೆ ಅವ್ವಾ. ಇದಕ್ಕೆ ಮುಂದಿನ ಶಾಫ್ಟ್ ಇಲ್ಲ. ನಾನೇ ಬಿಚ್ಚಿಸಿದೆ.”

“ಲೈಟ್ ಬಂತಲ್ಲ?” ವೃಂದಾ ಕೇಳಿದಳು.

“ಲೈಟ್ ಬರುತ್ತೆ. ಮುಂದಿನ ಚಕ್ರ ಎಳೆಯೋದಿಲ್ಲ.” ಸ್ವಲ್ಪ ತಡೆದು, “ಈ ಲೈನಲ್ಲಿ ಎಲ್ಲರೂ ಮಾಡ್ತಾರೆ ಡಾಕ್ಟ್ರೇ. ಸಿಟೀಲಿ ಓಡಿಸೋರಿಗೆ ಏನೂ ಆಗಲ್ಲ,” ಎಂದ.

“ನಾನು ಸಿಟೀಲಿ ಓಡಿಸ್ತೀನಿ ಅಂತ ನಿಮಗೆ ಯಾರು ಹೇಳಿದ್ರು?”

 ವೃಂದಾ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟಳು. “ಹೊಸ ಶಾಫ್ಟ್ ಹಾಕಿ ಕೂಪಿಡಿ, ಒಂದು ಫೋನ್ ಮಾಡಿ. ಬರ್ತೀನಿ, ಆದ್ರೆ ನನ್ನ ಮೆಕ್ಯಾನಿಕ್ ಜೊತೆ ಬರ್ತೀನಿ. ನಿಮ್ಮ ಮಾತಿನ ಮೇಲೆ ಇನ್ನು ತಗೊಳ್ಳಲ್ಲ,” ಎಂದು ಹೊರಟುಹೋದಳು. ಚಂದು ಯಾರೂ ಹೇಳದೆಯೇ ಬಿಡಿಭಾಗದ ಅಂಗಡಿಗೆ ಫೋನು ಹಚ್ಚಿದ.

ಬಸವಣ್ಣೆಮ್ಮ ಬಯ್ಯಲಿಲ್ಲ. ಬೆರಳಿನ ಬೂದಿಯನ್ನು ನೋಡಿಕೊಂಡು ಸ್ಟೂಲಿನ ಮೇಲೆ ಕುಳಿತಳು.

“ಇದೊಂದೇ ಏನು, ಇನ್ನೂ ಅದಾವ? ನನ್ನ ಕೈಲೆ ವಿಭೂತಿ ಹಚ್ಚಿಸಿ ಕಳಿಸಿದ್ದು?”

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿಗೆ ಯಾರೋ ಎದುರಿಗೇ ಬಂದು ಕುಳಿತಂತಾಯಿತು. ಶಿವರಂಜನ್ ಮೊಬೈಲ್ ತೆಗೆದ.

“ಗುರುಚರಣ ಸಾರ್, ನಾನು ಮಣಲಿ ಶಿವರಂಜನ್. ನೀವು ನಮ್ಮ ಹತ್ರ ತಗೊಂಡ ಗಾಡೀನ ಸದ್ಯಕ್ಕೆ ಬೆಟ್ಟಗಿಟ್ಟ ಹತ್ತಿಸಬೇಡಿ. ಇಲ್ಲ ಸಾರ್, ನಿಮ್ಮ ತಪ್ಪಲ್ಲ. ನಾನು ಅದರದ್ದೊಂದು ಶಾಫ್ಟ್ ಬಿಚ್ಚಿ ಕೊಟ್ಟಿದ್ದೆ. ತನ್ನಿ, ನಾನೇ ಹಾಕಿಸಿಕೊಡ್ತೀನಿ.”

ಆ ಕಡೆಯ ಬೈಗುಳ ಸ್ಟೂಲಿನವರೆಗೂ ಕೇಳಿಸಿತು. ಅದು ಮುಗಿಯುವವರೆಗೂ ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

“ಆಮೇಲೆ ಯಾರು?” ಎಂದಳು ತಾಯಿ.

ಅವನು ಮುಂದಿನ ನಂಬರು ಹುಡುಕತೊಡಗಿದ.